ಕಾಡಿನ ಲಂಟಾನವೂ ನೆಲದ ಹಿಂದಿನ ಬಳಕೆಯೂ

ಲಂಟಾನವು ಅಮೆರಿಕಾ ಖಂಡದ ಗಿಡ. 19ನೆಯ ಶತಮಾನದ ಆರಂಭದಲ್ಲಿ ಇದನ್ನು ಹೂವಿನ ಅಂದಕ್ಕಾಗಿ ಕಲ್ಕತ್ತೆಯ ಸಸ್ಯತೋಟಕ್ಕೆ ತಂದರು. ಆಮೇಲೆ ಬೇಲಿಯ ಗಿಡವಾಗಿ ಊರೂರಿಗೆ ಹಬ್ಬಿತು.

ಇದಕ್ಕೆ ಬಿಸಿಲು ಅವಶ್ಯಕ. ದಟ್ಟವಾದ ಮರಗಳ ನೆರಳಿನಲ್ಲಿ ಸೊರಗುವುದು. ಮರ ಕಡಿದ ಜಾಗ, ಬೀಳುಬಿಟ್ಟ ಹೊಲ, ದನಗಳು ಅತಿಯಾಗಿ ಮೇದ ನೆಲ, ದಾರಿಯ ಅಂಚು, ಇಂತಹ ಕಡೆಗಳಲ್ಲಿ ಬಲಿಯುವುದು. ಪಿಕಳಾರ ಮೊದಲಾದ ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಹರಡುವುವು. ಆದುದರಿಂದ ಕಾಡಿನೊಳಗಿನ ಪೊದೆಯು ಬಹುಮಟ್ಟಿಗೆ ಆ ನೆಲದ ಹಿಂದಿನ ಬಳಕೆಯ ಗುರುತು.

ಬಳಕೆ ನಿಂತಮಾತ್ರಕ್ಕೆ ಗಿಡವು ಹೋಗದು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಬೇಸಗೆ ಬಲಿಯುವುದಕ್ಕೆ ಮುಂಚೆ ಒಣಗಿದೆಲೆಗಳಿಗೆ ಸಣ್ಣದಾಗಿ ‘ತರಗು ಬೆಂಕಿ’ ಇಡುತ್ತಿದ್ದರು. 1974ರಲ್ಲಿ ಬೆಟ್ಟವು ವನ್ಯಜೀವಿಧಾಮವಾದ ಮೇಲೆ ಆ ಪದ್ಧತಿ ನಿಂತಿತು. ಲಂಟಾನ ಹೆಚ್ಚಿದುದು ಅದರಿಂದಲೇ ಎಂಬುದು ಅವರ ಅಭಿಪ್ರಾಯ.

ಲಂಟಾನದ ಎಲೆ ದನಗಳಿಗೆ ವಿಷ. ಪೊದೆಯ ಕೆಳಗೆ ಹುಲ್ಲೂ ಏಳದು. ಬರಿದೆ ಕಡಿದರೂ ಸುಟ್ಟರೂ ಬುಡದಿಂದ ಚಿಗುರುವುದು. ಆದುದರಿಂದ ಬೇರನ್ನು ನೆಲಮಟ್ಟದಿಂದ ಎರಡು ಅಂಗುಲ ಕೆಳಗೆ ಕತ್ತರಿಸಿ, ಗಿಡವನ್ನು ತಲೆಕೆಳಗಾಗಿಟ್ಟು ಒಣಗಿಸತಕ್ಕದ್ದು. ಮಳೆ ಬಿದ್ದ ಮೇಲೆ, ಹಕ್ಕಿ ಕೂರುವ ಮರಗಳ ಕೆಳಗೆ ಹುಟ್ಟಿದ ಸಸಿಗಳನ್ನು ಕೀಳತಕ್ಕದ್ದು. ತೆರವಾದ ನೆಲಕ್ಕೆ ಕೂಡಲೇ ನಾಡಹುಲ್ಲಿನ ಬೀಜವನ್ನು ಬಿತ್ತತಕ್ಕದ್ದು. ನೆಲವನ್ನು ಬರಿದಾಗಿ ಬಿಟ್ಟರೆ ಪಟ್ಟ ಶ್ರಮವೆಲ್ಲ ವ್ಯರ್ಥವಾಗುವುದು.