ಅನಾಥ ಬಾಲಕನ ಕಥೆಯನ್ನು ಮಕ್ಕಳಿಗೆ ಹೇಳುವ ಬಗೆ

ತಾಯಿತಂದೆಗಳಿಲ್ಲದ ಮಗುವೊಂದು ಪರಸ್ಥಳದಲ್ಲಿ ಗೆಳೆಯರನ್ನೂ ಮನೆಯನ್ನೂ ಪಡೆಯುವ ಐತಿಹಾಸಿಕ ಕಾದಂಬರಿಯೆಂದರೆ ಮಕ್ಕಳಿಗೆ ಬಹು ಪ್ರೀತಿ. ಇಂಥ ಕಥೆಯನ್ನು ದೂರದೇಶದಿಂದ ತರಬೇಕಾದುದಿಲ್ಲ; ನಮ್ಮ ಗದಗಿನಲ್ಲಿಯೇ ಅದಕ್ಕೆ ತಕ್ಕ ಚರಿತ್ರೆಯುಂಟು.

ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟಯ್ಯನು ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡನು. ಹೆತ್ತವರ ಆಶ್ರಯವೂ ತಪ್ಪಿತು. ಸೋದರಮಾವನು ಸಾಕಿದನು. ಬಳಿಕ ಅವನು ಪಂಚಾಕ್ಷರಿ ಗವಾಯಿಗಳ ಕೈಸೇರಿದನು. 1892ರಲ್ಲಿ ಹುಟ್ಟಿದ ಆ ಗುರುಗಳೂ ಅಂಧರೇ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಿಂದ ಸಂಗೀತ ಕಲಿತ ಅವರು ಅಂಧರಿಗೂ ಅನಾಥರಿಗೂ ಅನ್ನವಿಕ್ಕಿ ವಿದ್ಯೆ ಕಲಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಅವರ ದುಡಿಮೆಯ ಫಲವು. 1944ರಲ್ಲಿ ಗುರುಗಳು ತೀರಿಕೊಳ್ಳಲು, ಆಶ್ರಮದ ಭಾರವನ್ನು ಹೊತ್ತವರು ಆ ಪುಟ್ಟಯ್ಯನೇ, ಅಂದರೆ ಪುಟ್ಟರಾಜ ಗವಾಯಿಗಳು. ಅವರು 2010ರಲ್ಲಿ ಕಾಲವಾಗುವ ತನಕ ಎಷ್ಟೋ ಮಕ್ಕಳಿಗೆ ತಾವೇ ಆಶ್ರಯವಾದರು.

ಈ ಚರಿತ್ರೆಯನ್ನು ಕಾದಂಬರಿಯಾಗಿಸುವವರು ಮೂರು ಸಂಗತಿಗಳನ್ನು ಲಕ್ಷ್ಯದಲ್ಲಿಡಬೇಕು.

ಮೊದಲನೆಯದು, ದೇಶಕಾಲಗಳ ಸತ್ಯತೆ. ಪುಟ್ಟಯ್ಯನ ಬಾಲ್ಯದಲ್ಲಿ ಗದಗ, ಮುಂಡರಗಿಗಳು ಧಾರವಾಡ ಜಿಲ್ಲೆಯ ಬ್ರಿಟಿಷ್ ಆಳ್ವಿಕೆಯಲ್ಲಿದ್ದವು. ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗ್ಲಿ ಸಂಸ್ಥಾನಕ್ಕೂ ಸೇರಿದ್ದವು. ಕಥೆಯ ಬಾಲಕನು ಒಂದೇ ದಿನದ ಪ್ರಯಾಣದಲ್ಲಿ ಅರಸೊತ್ತಿಗೆಯ ಗಡಿಯನ್ನು ದಾಟಬಹುದು.

ಎರಡನೆಯದು, ಕಲ್ಪನೆಯ ಮಿತಿ. ಗೆಳೆಯರ ಮಾತುಗಳನ್ನು ಲೇಖಕನು ಕಲ್ಪಿಸಬಹುದು. ಆದರೆ ನಿಜವಾದ ಗುರುವಿನ ಬಾಯಲ್ಲಿ ಅವರಾಡದ ಉಪದೇಶವನ್ನಿಟ್ಟು ಅದನ್ನೇ ಚರಿತ್ರೆಯೆಂದು ನಂಬಿಸಲಾಗದು. ಆದುದರಿಂದ ನಾಯಕನಿಗೆ ಕಲ್ಪಿತ ಹೆಸರನ್ನಿಡುವದು ಲೇಸು.

ಮೂರನೆಯದು ಮುಖ್ಯವಾದುದು. ಅನಾಥನಿಗಾಗಿ ಕಣ್ಣೀರು ಸುರಿಸುವಂತೆ ಬರೆಯುವದು ಸುಲಭ; ಆದರೆ ಕರುಣೆಯಿಂದ ಅನ್ನ ದೊರೆತೀತು, ತನ್ನವರೆಂಬ ಭಾವ ಹುಟ್ಟಲಾರದು. ಗುರುಗಳು ಪುಟ್ಟಯ್ಯನಿಗೆ ಅನ್ನದೊಡನೆ ಕಠಿಣವಾದ ಸಾಧನೆಯನ್ನೂ ಕೊಟ್ಟರು. ಹಾಡು, ವಾದ್ಯ, ನಾಟಕಗಳಲ್ಲಿ ದುಡಿಸಿಕೊಂಡರು. ತನ್ನಿಂದಲೂ ನಾಲ್ವರಿಗೆ ಉಪಯೋಗವಾಗುತ್ತದೆಂದು ತಿಳಿದಾಗಲೇ ಮಗುವಿಗೆ ಆ ಮನೆಯು ತನ್ನದಾಗುತ್ತದೆ.

ತಾಯಂದಿರೇ, ಇಂಥ ಪುಸ್ತಕವನ್ನು ಓದಿಸಿದ ಮೇಲೆ ಮಗುವಿಗೆ ಎರಡು ಪ್ರಶ್ನೆಗಳನ್ನು ಕೇಳಿರಿ: ಆ ಬಾಲಕನಿಗೆ ಉಣ್ಣಲಿಕ್ಕಿದವರು ಯಾರು? ಅವನಿಗೆ ಕೆಲಸವನ್ನು ನಂಬಿ ಒಪ್ಪಿಸಿದವರು ಯಾರು? ನಿಮ್ಮ ಮಗುವಿನ ವರ್ಗದಲ್ಲಿ ಹೊಸದಾಗಿ ಬಂದು ಒಂಟಿಯಾಗಿ ಕುಳಿತ ಹುಡುಗಿಯೊಬ್ಬಳಿದ್ದರೆ, ಎರಡನೆಯ ಪ್ರಶ್ನೆಯ ಉತ್ತರವು ಅವಳಿಗಾಗಿ ಉಪಯೋಗಕ್ಕೆ ಬರುವದು.