ಹಾಬ್ ಕೊಳ್ಳುವ ಮೊದಲೇ ಪುಸ್ತಿಕೆ ಓದಿ

ಇಂಗ್ಲೆಂಡಿಗೆ ಹೊಸದಾಗಿ ಬಂದವರು ಮಕ್ಕಳ ಶಾಲೆ, ಜಿಪಿ ನೋಂದಣಿ, ಸೋನಾಮಸೂರಿ ಸಿಗುವ ಅಂಗಡಿ ಎಲ್ಲ ವಿಚಾರಿಸಿ ಮುಗಿಸಿದ ಮೇಲೆ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಕೇಳುವ ಪ್ರಶ್ನೆ ಹೀಗಿರುತ್ತದೆ: “ಇಂಡಕ್ಷನ್ ಹಾಬ್ ತಗೊಂಡಿದ್ದೀವಿ, ಕನೆಕ್ಷನ್ ಕೊಡೋಕೆ ಯಾರಾದ್ರೂ ಇದ್ದಾರಾ?” ಈ ಪ್ರಶ್ನೆಯನ್ನು ದುಡ್ಡು ಕೊಡುವ ಮುಂಚೆಯೇ ಕೇಳಬೇಕು ಅನ್ನುವುದಕ್ಕಾಗಿ ಈ ಲೇಖನ. ಯಾವ ವೈರು, ಎಷ್ಟು ಆಂಪಿಯರ್, ಪ್ಲಗ್ ಸಾಕೋ ಸಾಲದೋ ಎಂಬುದನ್ನೆಲ್ಲ ಹಾಬ್ ತಯಾರಿಸಿದವರು ತಮ್ಮ ಪುಸ್ತಿಕೆಯಲ್ಲಿ ಬರೆದಿರುತ್ತಾರೆ. ಆ ಪುಟ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ.

ಊರಲ್ಲಿ ಗ್ಯಾಸ್ ಸ್ಟವ್ ತಂದರೆ ಸಿಲಿಂಡರಿಗೆ ರೆಗ್ಯುಲೇಟರ್ ಸಿಕ್ಕಿಸಿದರೆ ಮುಗಿಯಿತು. ಇಂಡಕ್ಷನ್ ಒಲೆಯಾದರೂ ಪ್ಲಗ್ ಹಾಕಿ ಸ್ವಿಚ್ ಒತ್ತುವುದಷ್ಟೇ. ಹಾಗಾಗಿ ಪುಸ್ತಿಕೆ ಪೆಟ್ಟಿಗೆಯ ಜೊತೆಗೇ ಅಟ್ಟ ಸೇರುತ್ತಿತ್ತು. ಇಲ್ಲಿ ಅಡುಗೆಕಟ್ಟೆಗೆ ಕೂರಿಸುವ, ಬಿಸಿಯಾಗುವ ನಾಲ್ಕು ವಲಯಗಳ ಹಾಬ್‌ಗೆ ಆ ರೂಢಿ ಸಲ್ಲದು. ಇಲ್ಲೂ 230 ವೋಲ್ಟೇ. ಆದರೆ ಗೋಡೆಯ ಮಾಮೂಲಿ ಸಾಕೆಟ್‌ಗೆ ಹಾಕುವ ಪ್ಲಗ್ಗಿನೊಳಗೆ ಹೆಚ್ಚೆಂದರೆ 13 ಆಂಪಿಯರ್ ಫ್ಯೂಸ್ ಇರುತ್ತದೆ, ಅಂದರೆ ಅದು ತಾಳುವುದು ಸುಮಾರು 3 ಕಿಲೋವ್ಯಾಟ್. ಪೂರ್ಣ ಪ್ರಮಾಣದ ಇಂಡಕ್ಷನ್ ಹಾಬ್ 7 ಕಿಲೋವ್ಯಾಟ್ ದಾಟುವುದು ಸಾಮಾನ್ಯ. ಅದಕ್ಕೆ ಫ್ಯೂಸ್ ಪೆಟ್ಟಿಗೆಯಿಂದಲೇ ಪ್ರತ್ಯೇಕವಾಗಿ ಎಳೆದ ಸರ್ಕ್ಯೂಟ್ ಬೇಕು. ಸಾಧಾರಣವಾಗಿ ಅದು 32 ಆಂಪಿಯರಿನದು, 6 ಚದರ ಮಿಲಿಮೀಟರ್ ಕೇಬಲ್ಲಿನದು. ಅಡುಗೆಮನೆಯ ಗೋಡೆಯ ಮೇಲೆ ಕೆಂಪು ಬಣ್ಣದ ದೊಡ್ಡ ಸ್ವಿಚ್ ಕಂಡರೆ ಅದು ಬಹುತೇಕ ಕುಕ್ಕರ್, ಅಂದರೆ ಒಲೆಯ, ಸರ್ಕ್ಯೂಟಿನದೇ. ಆದರೆ ಸ್ವಿಚ್ ದೊಡ್ಡದಿದೆ ಎಂದ ಮಾತ್ರಕ್ಕೆ ಹಿಂದಿನ ಕೇಬಲ್ಲೂ ದಪ್ಪವಾಗಿದೆ ಎನ್ನುವಂತಿಲ್ಲ, ಹಳೆಯ ಮನೆಗಳಲ್ಲಂತೂ ಅದನ್ನು ಪರೀಕ್ಷಿಸಿಯೇ ಹೇಳಬೇಕು.

13 ಆಂಪಿಯರ್ ಪ್ಲಗ್ಗಿನಲ್ಲೇ ನಡೆಯುವ ಹಾಬ್‌ಗಳೂ ಮಾರುಕಟ್ಟೆಯಲ್ಲಿವೆ. ನಾಲ್ಕೂ ವಲಯ ಒಟ್ಟಿಗೆ ಉರಿಸಿದಾಗ ಅವು ತಾವೇ ಶಕ್ತಿಯನ್ನು ಹಂಚಿಕೊಂಡು ತಗ್ಗಿಸುತ್ತವೆ. ಬಾಡಿಗೆ ಮನೆಯಲ್ಲಿದ್ದು ಹೊಸ ಕೇಬಲ್ ಎಳೆಸುವ ಹಾಗಿಲ್ಲದವರಿಗೆ ಇದು ಒಳ್ಳೆಯ ದಾರಿ. ಒಂದು ಕಡೆ ಸಾರು, ಇನ್ನೊಂದು ಕಡೆ ಒಗ್ಗರಣೆ, ಮತ್ತೊಂದು ಕಡೆ ದೋಸೆ ಕಲ್ಲು ಎಂದು ಹಬ್ಬದ ಅಡುಗೆಗೆ ನಿಂತಾಗ ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ. ಓವನ್ ವಿಷಯದಲ್ಲೂ ಹೀಗೆಯೇ. ನೋಡಲು ಒಂದೇ ಅಳತೆಯ ಎರಡು ಓವನ್‌ಗಳಲ್ಲಿ ಒಂದು ಪ್ಲಗ್ ಸಮೇತ ಬರುತ್ತದೆ, ಇನ್ನೊಂದರ ಪುಸ್ತಿಕೆ 16 ಆಂಪಿಯರಿನ ಸ್ಥಿರ ಸಂಪರ್ಕ ಕೇಳುತ್ತದೆ. ಎರಡನೆಯದಕ್ಕೆ ಪ್ಲಗ್ ಹಾಕಿಕೊಂಡರೆ ಮೊದಲ ದಿನ ಏನೂ ಆಗದಿರಬಹುದು. ಗಂಟೆಗಟ್ಟಲೆ ಓವನ್ ಉರಿಸುತ್ತ ಹೋದಂತೆ ಪ್ಲಗ್ಗಿನ ಬಿಳಿ ಪ್ಲಾಸ್ಟಿಕ್ ಪಿನ್ನಿನ ಬುಡದಲ್ಲಿ ಕಂದಾಗುತ್ತದೆ, ಮುಟ್ಟಿದರೆ ಬಿಸಿ ತಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಅಷ್ಟು ಕಂಡರೆ ಕೂಡಲೇ ಬಳಕೆ ನಿಲ್ಲಿಸಿ. ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಬ್ ಆಗಲಿ, ಓವನ್ ಆಗಲಿ ಎಂದೂ ಬೇಡ.

ಹಾಬ್‌ನ ಅಡಿಭಾಗದಲ್ಲಿರುವ ಚಿಕ್ಕ ಮುಚ್ಚಳ ತೆರೆದರೆ ಒಳಗೆ ಐದೋ ಆರೋ ಟರ್ಮಿನಲ್ ಕಾಣುತ್ತವೆ. ನಮ್ಮ ಕೈಯಲ್ಲಿರುವ ವೈರು ಮೂರೇ: ಕಂದು ಬಣ್ಣದ್ದು ಲೈವ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಹೆಚ್ಚಿನ ಟರ್ಮಿನಲ್ ಯಾಕೆಂದರೆ ಅದೇ ಹಾಬ್ ಜರ್ಮನಿಯಂಥ ದೇಶಗಳಿಗೂ ಹೋಗುತ್ತದೆ, ಅಲ್ಲಿನ ಎಷ್ಟೋ ಮನೆಗಳಿಗೆ ಮೂರು ಫೇಸ್ ಬಂದಿರುತ್ತದೆ. ಇಲ್ಲಿನ ಮನೆಗಳಿಗೆ ಸಾಮಾನ್ಯವಾಗಿ ಒಂದೇ ಫೇಸ್. ಆದ್ದರಿಂದ ಜೊತೆಗೆ ಕೊಟ್ಟ ಪುಟ್ಟ ತಾಮ್ರದ ಪಟ್ಟಿಗಳಿಂದ ಲೈವ್ ಟರ್ಮಿನಲ್‌ಗಳನ್ನು ಒಂದಕ್ಕೊಂದು ಸೇರಿಸಬೇಕು. ಯಾವುದಕ್ಕೆ ಯಾವುದು ಎಂಬ ಚಿತ್ರ ಪುಸ್ತಿಕೆಯಲ್ಲಿದೆ, ಬ್ರಿಟನ್ನಿಗೆ ಅನ್ವಯಿಸುವುದು 230 ವೋಲ್ಟ್ ಒಂಟಿ ಫೇಸಿನ ಚಿತ್ರ. ಪಟ್ಟಿ ಹಾಕಲು ಮರೆತರೆ ಎರಡು ವಲಯ ಬಿಸಿಯಾಗುತ್ತವೆ, ಇನ್ನೆರಡು ತಣ್ಣಗಿರುತ್ತವೆ. ಸರಿಯಿರುವ ಹಾಬ್ ಕೆಟ್ಟಿದೆಯೆಂದು ಅಂಗಡಿಗೆ ವಾಪಸು ಹೋಗುವುದೂ ಉಂಟು. ಪಟ್ಟಿಯನ್ನು ಲೈವ್‌ಗೂ ನ್ಯೂಟ್ರಲ್‌ಗೂ ಅಡ್ಡ ಹಾಕಿದರೆ ನೇರ ಶಾರ್ಟ್ ಸರ್ಕ್ಯೂಟ್. ಸ್ಕ್ರೂ ಸಡಿಲವಾಗಿ ಬಿಟ್ಟರೆ ಆ ಜಾಗವೇ ಕಾದು ಕರಗುತ್ತದೆ. ಯಾವ ನಮೂನೆಯ, ಎಷ್ಟು ಬಿಸಿ ತಾಳುವ ಕೇಬಲ್ ಬೇಕು, ಗಾಳಿಯಾಡಲು ಕೆಳಗೆ ಎಷ್ಟು ಮಿಲಿಮೀಟರ್ ತೆರಪು ಬಿಡಬೇಕು, ಅಡಿಯಲ್ಲಿ ಓವನ್ ಕೂರಿಸಬಹುದೇ ಎಂಬುದೂ ಆ ಪುಟಗಳಲ್ಲೇ ಇರುತ್ತದೆ.

ಇಲ್ಲಿನ ವೈರಿಂಗ್ ನಿಯಮಾವಳಿಯಾದ ಬಿಎಸ್ 7671 ಕೂಡ ಉಪಕರಣ ಅಳವಡಿಸುವಾಗ ತಯಾರಕರ ಸೂಚನೆಯನ್ನು ಪರಿಗಣಿಸಬೇಕು ಎನ್ನುತ್ತದೆ. ಇದು ಬರೀ ಕಾಗದದ ಮಾತಲ್ಲ. ಎಲೆಕ್ಟ್ರಿಷಿಯನ್‌ಗಳು ಕುಕ್ಕರ್‌ಗೆ ಒಂದು ಲೆಕ್ಕ ಹಾಕುತ್ತಾರೆ: ಎಲ್ಲ ವಲಯವೂ ಸದಾ ಪೂರ್ತಿ ಉರಿಯುವುದಿಲ್ಲವಾದ್ದರಿಂದ ಮೊದಲ 10 ಆಂಪಿಯರ್ ಪೂರ್ತಿ, ಉಳಿದದ್ದರಲ್ಲಿ ಶೇಕಡ 30 ಮಾತ್ರ. ಈ ಲೆಕ್ಕದಲ್ಲಿ 7.2 ಕಿಲೋವ್ಯಾಟ್ ಹಾಬ್ ಸುಮಾರು 16 ಆಂಪಿಯರಿಗೆ ಇಳಿಯುತ್ತದೆ. ಲೆಕ್ಕ ತಪ್ಪೇನಲ್ಲ, ದಶಕಗಳಿಂದ ಬಳಕೆಯಲ್ಲಿದೆ. ಆದರೆ ಪುಸ್ತಿಕೆ 32 ಆಂಪಿಯರ್ ಎಂದಿದ್ದರೆ ನನ್ನ ಮಟ್ಟಿಗೆ ಚರ್ಚೆ ಅಲ್ಲಿಗೆ ಮುಗಿಯಿತು. ವಾರಂಟಿ ಕೇಳಲು ಹೋದಾಗ ಕಂಪನಿಯವರು ನೋಡುವುದು ತಮ್ಮ ಪುಸ್ತಿಕೆಯನ್ನೇ. ಕೆಲಸಕ್ಕೆ ಬಂದವರ ಕೈಗೆ ಆ ಪುಟ ಕೊಟ್ಟು “ಇದರ ಪ್ರಕಾರ ಮಾಡಿಕೊಡಿ” ಎನ್ನಲು ಸಂಕೋಚ ಬೇಡ. ಒಳ್ಳೆಯ ಕೆಲಸಗಾರರು ತಾವೇ ಮೊದಲು ಅದನ್ನು ಕೇಳುತ್ತಾರೆ.

ಇಂಗ್ಲೆಂಡಿನಲ್ಲಿ ಹೊಸ ಸರ್ಕ್ಯೂಟ್ ಎಳೆಸಿದರೆ ಅದು ಕಟ್ಟಡ ನಿಯಮಗಳ ಪಿ ಭಾಗಕ್ಕೆ ಬರುತ್ತದೆ. ಎನ್‌ಐಸಿಇಐಸಿ, ನ್ಯಾಪಿಟ್‌ನಂಥ ಸಂಸ್ಥೆಗಳಲ್ಲಿ ನೋಂದಾಯಿಸಿದವರು ಮಾಡಿದರೆ ಕೌನ್ಸಿಲ್‌ಗೆ ತಿಳಿಸುವ ಕೆಲಸ ಅವರ ಮೂಲಕವೇ ಆಗುತ್ತದೆ. ಪ್ರಮಾಣಪತ್ರ ಕೇಳಿ ಪಡೆಯಿರಿ, ಮನೆ ಮಾರುವಾಗ ವಕೀಲರು ಕೇಳುತ್ತಾರೆ. ಸ್ಕಾಟ್ಲೆಂಡಿನಲ್ಲಿ ಪದ್ಧತಿ ಬೇರೆ. ಗ್ಯಾಸ್ ಒಲೆ ತೆಗೆಸಿ ಇಂಡಕ್ಷನ್ ಹಾಕಿಸುವವರು ಪೈಪ್ ಮುಚ್ಚಿಸಲು ಗ್ಯಾಸ್ ಸೇಫ್ ನೋಂದಣಿ ಇರುವವರನ್ನೇ ಕರೆಯಬೇಕು.

ಬಾಡಿಗೆಗೆ ಇರುವವರು ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಹಾಬ್ ಬದಲಿಸಬೇಡಿ. ಇಂಗ್ಲೆಂಡಿನ 2020ರ ನಿಯಮದಂತೆ ಖಾಸಗಿ ಬಾಡಿಗೆ ಮನೆಯ ವೈರಿಂಗನ್ನು ಕನಿಷ್ಠ 5 ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಹೊಸ ಬಾಡಿಗೆದಾರರಿಗೆ ಮನೆ ಸೇರುವ ಮುನ್ನವೇ ವರದಿಯ ಪ್ರತಿ ಕೊಡಬೇಕು. ಸಿಗದಿದ್ದರೆ ಕೇಳುವುದು ನಿಮ್ಮ ಹಕ್ಕು.

ಊರಿಂದ ತಂದ ವೆಟ್ ಗ್ರೈಂಡರ್, ಮಿಕ್ಸರ್ ಇಲ್ಲಿ ನಡೆಯುತ್ತವೆ, ವೋಲ್ಟೇಜ್ ಒಂದೇ. 2000 ವ್ಯಾಟಿನ ಇಂಡಕ್ಷನ್ ಒಲೆಯನ್ನು ಮಾತ್ರ ವಿಮಾನ ನಿಲ್ದಾಣದಲ್ಲಿ ಕೊಂಡ ಪ್ರಯಾಣದ ಅಡಾಪ್ಟರಿಗೆ ಸಿಕ್ಕಿಸಬೇಡಿ, ಬಹುಪಾಲು ಅಡಾಪ್ಟರುಗಳು ಚಾರ್ಜರ್‌ನಂಥ ಹಗುರ ಕೆಲಸಕ್ಕೆ ಮಾಡಿದಂಥವು. ಹಾಗೆಯೇ ಅಲ್ಯುಮಿನಿಯಂ ಪ್ರೆಷರ್ ಕುಕ್ಕರ್ ತರುವ ಮುನ್ನ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಇಂಡಕ್ಷನ್ ಮೇಲೆ ಅದು ಬಿಸಿಯಾಗುವುದಿಲ್ಲ.

ಕೊನೆಯದಾಗಿ, ಸೆಕೆಂಡ್ ಹ್ಯಾಂಡ್ ಹಾಬ್. ಮನೆ ಹೂಡುವ ಖರ್ಚಿನಲ್ಲಿ ಅದನ್ನು ಕೊಳ್ಳುವುದು ಜಾಣತನವೇ. ನೋಡಲು ಹೋದಾಗ ತಿರುವಿ ಹಿಡಿದು ಕೆಳಗಿನ ತಗಡಿನ ಫಲಕದ ಫೋಟೋ ತೆಗೆಯಿರಿ, ಅದರಲ್ಲಿ ಮಾಡೆಲ್ ಸಂಖ್ಯೆ, ವೋಲ್ಟೇಜ್, ಒಟ್ಟು ವ್ಯಾಟ್ ಮುದ್ರಿಸಿರುತ್ತದೆ. ಓವನ್ ಆದರೆ ಬಾಗಿಲು ತೆರೆದು ಚೌಕಟ್ಟಿನ ಅಂಚು ನೋಡಿ. ತಾಮ್ರದ ಪಟ್ಟಿಗಳು ಒಳಗೇ ಇವೆಯೇ ಎಂದೂ ಕೇಳಿ. ಮಾಡೆಲ್ ಸಂಖ್ಯೆಯಿಂದ ತಯಾರಕರ ತಾಣದಲ್ಲಿ ಪುಸ್ತಿಕೆ ಹುಡುಕಿ, ಅಳವಡಿಕೆಯ ಪುಟವನ್ನು ಎಲೆಕ್ಟ್ರಿಷಿಯನ್‌ಗೆ ಕಳಿಸಿ, ಅವರು ಹೂಂ ಎಂದ ಮೇಲೆ ಹಣ ಕೊಡಿ. ಫಲಕ ಕಿತ್ತುಹೋಗಿದ್ದರೆ ಎಷ್ಟು ಅಗ್ಗವಾಗಿದ್ದರೂ ಆ ಹಾಬ್ ಬಿಟ್ಟುಬಿಡಿ.