ಅಂಗಾಲನ್ನು ತೋರುವ ಕನ್ನಡಿ

ತೊಗರಿ ಕೊಯ್ದ ಮೇಲೆ ಆಳಂದ, ಅಫಜಲಪುರ, ಜೇವರ್ಗಿಗಳ ಹೊಲಗಳಲ್ಲಿ ಉಳಿಯುವ ಕೂಳೆಯು ಮೊಳೆಯಷ್ಟು ಚೂಪು. ಚುಚ್ಚಿದೊಡನೆ ನಾವು ಕಾಲನ್ನು ಎಳೆದುಕೊಳ್ಳುವೆವು. ಆದರೆ ಸಿಹಿಮೂತ್ರರೋಗದಿಂದಲೋ ಕುಷ್ಠದಿಂದಲೋ ಅಂಗಾಲಿನ ನರಗಳು ಜಡವಾದವರಿಗೆ ನೋವೇ ತಿಳಿಯದು. ಗಾಯವನ್ನು ಕಣ್ಣಿನಿಂದಲೇ ಹುಡುಕಬೇಕು. ನೋಡಿ ಹೇಳಲು ಮನೆಯಲ್ಲಿ ಮತ್ತೊಬ್ಬರಿಲ್ಲದ, ಬೆನ್ನು ಬಾಗದ ವೃದ್ಧರು ಏನು ಮಾಡಬೇಕು?

ಕನ್ನಡಿಯೊಂದನ್ನು ನೆಲದ ಮೇಲೆ ಮಲಗಿಸಿ, ಹಗಲಿನಲ್ಲಿ ಬಾಗಿಲೆದುರು ಕುಳಿತು, ಅಂಗಾಲನ್ನು ಅದರ ಮೇಲೆ ಗೇಣೆತ್ತರದಲ್ಲಿ ಹಿಡಿಯಬೇಕು. ಪಾದವು ಕನ್ನಡಿಯಿಂದ ಎಷ್ಟು ಮೇಲಿದೆಯೋ ಬಿಂಬವು ಅಷ್ಟೇ ಆಳದಲ್ಲಿ ತೋರುವುದು. ಇನ್ನೊಂದು ಸೊಗಸೆಂದರೆ, ನೆರಳಿನಲ್ಲಿರುವ ಅಂಗಾಲಿಗೆ ಬಾಗಿಲ ಬೆಳಕನ್ನು ಪ್ರತಿಫಲಿಸುವುದೂ ಅದೇ ಕನ್ನಡಿ! ದಿನಕ್ಕೊಮ್ಮೆ ನೋಡಿದರೆ ಸಾಕು.

ಗಾಯ ಕಂಡರೆ ಶುದ್ಧವಾದ ತಣ್ಣೀರಿನಿಂದ ತೊಳೆದು, ಶುಭ್ರವಾದ ಬಟ್ಟೆ ಕಟ್ಟಿ, ಆ ಕಾಲಿಗೆ ಭಾರ ಹಾಕದೆ ವೈದ್ಯರಲ್ಲಿಗೆ ಹೋಗಬೇಕು. ಬಿಸಿನೀರು ಮಾತ್ರ ಕೂಡದು. ಸುಟ್ಟರೂ ಆ ಕಾಲಿಗೆ ತಿಳಿಯದು.